ಮಳೆಗಾಲದ ಕಡಲ ಫೋಟೋ ಮಂಕಾಗಿ ಬಂದಿದ್ಯಾ? ಎಡಿಟಿಂಗ್‌ನಲ್ಲಿ ಅದನ್ನ ಉಳಿಸ್ಕೊಳ್ಳೋದು ಹೇಗೆ

ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಸಾಕು, ಘಟ್ಟದ ಮೇಲಿನ ಜನ ಕರಾವಳಿಗೆ ಇಳಿಯೋಕೆ ಶುರು ಮಾಡ್ತಾರೆ. ಮರವಂತೆಯಲ್ಲಿ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೈವೇ 66. ಕಾಪುವಿನಲ್ಲಿ 1901ರಲ್ಲಿ ಬಂಡೆ ಮೇಲೆ ಕಟ್ಟಿದ ಲೈಟ್‌ಹೌಸ್, ಅದರ ಬುಡಕ್ಕೆ ಬಂದು ಬಡಿಯೋ ಅಲೆ. ಅಲ್ಲಿ ನಿಂತಾಗ ಮೈ ಜುಂ ಅನ್ನತ್ತೆ, ಮೊಬೈಲ್ ತೆಗೆದು ನಾಲ್ಕಾರು ಫೋಟೋ ಹೊಡೀತೀವಿ, ರೂಮಿಗೆ ಬಂದು ನೋಡಿದ್ರೆ ಆಕಾಶ, ನೀರು, ಮರಳು ಎಲ್ಲಾ ಒಂದೇ ಬೂದು ಬಣ್ಣ. ಕೆಲವ್ರು ಡಿಲೀಟ್ ಮಾಡ್ತಾರೆ, ಇನ್ನು ಕೆಲವ್ರು ಯಾವುದೋ ಫಿಲ್ಟರ್ ಒತ್ತಿ ಆಕಾಶ ನೇರಳೆ, ಸಮುದ್ರ ಕಡುನೀಲಿ ಮಾಡಿ ಸ್ಟೇಟಸ್‌ಗೆ ಹಾಕ್ತಾರೆ.

ಎರಡೂ ಬೇಕಾಗಿಲ್ಲ. ಇಂಥ ಫೋಟೋಗಳಲ್ಲಿ ಬಹುಪಾಲು ನಿಜವಾಗ್ಲೂ ಹಾಳಾಗಿರಲ್ಲ, ಚಿತ್ರ ಒಳಗೇ ಇರತ್ತೆ, ಆದ್ರೆ ಅದರ ಬೆಳಕು-ಕತ್ತಲೆಯ ವ್ಯತ್ಯಾಸ ಹಿಸುಕಿ ಹೋಗಿರತ್ತೆ. ಎಡಿಟಿಂಗ್ ಅಂದ್ರೆ ಆ ಹಿಸುಕಿದ್ದನ್ನ ಬಿಡಿಸೋದು. ಯಾವ ಬಟನ್ ಒತ್ತಿದ್ರೆ ಒಳಗೆ ಏನಾಗತ್ತೆ ಅಂತ ಒಂದ್ಸಲ ಗೊತ್ತಾದ್ರೆ ಆಮೇಲೆ ಯಾವ ಆ್ಯಪ್ ಆದ್ರೂ ನಡೆಯತ್ತೆ, ಹಾಗಾಗಿ ಮೊದಲು ಕಾರಣದಿಂದ ಶುರು ಮಾಡೋಣ.

ಕಣ್ಣಿಗೆ ಕಂಡಿದ್ದು ಫೋಟೋದಲ್ಲಿ ಯಾಕಿಲ್ಲ?

ಬಿಸಿಲಿದ್ದಾಗ ಬೆಳಕು ಒಂದೇ ದಿಕ್ಕಿಂದ ಬರತ್ತೆ. ಅಲೆಯ ಒಂದು ಮೈ ಹೊಳೆಯತ್ತೆ, ಇನ್ನೊಂದು ಮೈಗೆ ನೆರಳು, ಅದ್ರಿಂದಲೇ ಅದಕ್ಕೆ ಆಕಾರ ಅಂತ ಕಾಣೋದು. ಮೋಡ ಪೂರ್ತಿ ಕವಿದಾಗ ಸೂರ್ಯ ಒಂದೇ ದೀಪ ಆಗಿರಲ್ಲ, ಇಡೀ ಆಕಾಶವೇ ದೀಪ, ಎಲ್ಲಾ ಕಡೆಯಿಂದ ಮೆತ್ತಗಿನ ಬೆಳಕು ಬೀಳತ್ತೆ. ನೆರಳೇ ಇಲ್ಲ ಅಂದ್ಮೇಲೆ ಅಲೆ, ಬಂಡೆ, ಮರಳಿನ ಗೆರೆ ಎಲ್ಲಾ ಚಪ್ಪಟೆ.

ಎರಡನೇ ಕಾರಣ ನಮಗೂ ಆ ದೃಶ್ಯಕ್ಕೂ ನಡುವೆ ಇರೋ ಗಾಳಿ. ಮಳೆಗಾಲದ ಕಡಲ ತೀರದಲ್ಲಿ ಗಾಳಿ ತುಂಬಾ ಸಣ್ಣ ಸಣ್ಣ ನೀರ ಹನಿ, ಅಲೆ ಒಡೆದಾಗ ಏಳೋ ಉಪ್ಪಿನ ತುಂತುರು ಬೇರೆ. ಮಂಜಿನ ಒಂದು ಹನಿ ಸುಮಾರು 10 ಮೈಕ್ರೋಮೀಟರ್ ಇರತ್ತೆ, ಅಂದ್ರೆ ಮಿಲಿಮೀಟರಿನ ನೂರನೇ ಒಂದು ಭಾಗ. ನಮ್ಮ ಕಣ್ಣಿಗೆ ಕಾಣೋ ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರೋಮೀಟರ್. ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದಾದ್ದರಿಂದ ಕೆಂಪು, ಹಸಿರು, ನೀಲಿ ಅಂತ ಭೇದ ಮಾಡದೆ ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸತ್ತೆ, ಅದಕ್ಕೇ ಮಂಜು ಬೆಳ್ಳಗೆ ಅಥವಾ ಬೂದು. ಶುಭ್ರ ದಿನದಲ್ಲಿ ದೂರದ ಬೆಟ್ಟ ನೀಲಿಯಾಗಿ ಕಾಣತ್ತಲ್ಲ, ಅಲ್ಲಿ ಚದುರಿಸೋದು ಗಾಳಿಯ ಅಣುಗಳು, ಅವು ತೀರಾ ಸಣ್ಣವು, ನೀಲಿಯನ್ನೇ ಹೆಚ್ಚು ಚದುರಿಸ್ತವೆ.

ಇದನ್ನ ಫಿಲ್ಟರ್ ಕಾಫಿ ಲೆಕ್ಕದಲ್ಲಿ ನೋಡಿ. ವಸ್ತುವಿನ ಸ್ವಂತ ಬಣ್ಣ ಡಿಕಾಕ್ಷನ್, ಮಂಜಿನ ಬಿಳುಪು ಹಾಲು. ಹತ್ತಿರದ ಬಂಡೆಗೂ ನಮಗೂ ನಡುವೆ ಗಾಳಿ ಕಮ್ಮಿ, ಅದ್ರಲ್ಲಿ ಹಾಲು ಒಂದೆರಡು ಹನಿ ಅಷ್ಟೇ, ಕಪ್ಪು ಕಪ್ಪಾಗೇ ಉಳಿಯತ್ತೆ. ಲೈಟ್‌ಹೌಸ್ ಇನ್ನೂ ಆಚೆ, ಹಾಲು ಅರ್ಧ. ಇನ್ನೂ ದೂರದ ತೆಂಗಿನ ಸಾಲಿನಲ್ಲಿ ಬರೀ ಹಾಲು, ಡಿಕಾಕ್ಷನ್ ಹೆಸರಿಗೆ ಮಾತ್ರ. ಅಂದ್ರೆ ಮಂಜು ಇಡೀ ಫೋಟೋಗೆ ಒಂದೇ ಅಳತೆಯಲ್ಲಿ ಬಿದ್ದಿರಲ್ಲ, ದೂರಕ್ಕೆ ತಕ್ಕ ಹಾಗೆ ಬಿದ್ದಿರತ್ತೆ. ಮುಂದೆ ಹೇಳೋದೆಲ್ಲಾ ಈ ಒಂದು ಮಾತಿನ ಮೇಲೇ ನಿಂತಿದೆ.

ಮತ್ತೆ ಕಣ್ಣಿಗೆ ಹೇಗೆ ಚೆನ್ನಾಗಿ ಕಾಣ್ತು? ಕಣ್ಣು ಒಂದೊಂದು ಜಾಗ ನೋಡುವಾಗ್ಲೂ ಹೊಂದಾಣಿಕೆ ಮಾಡ್ಕೊಳ್ತಾ ಹೋಗತ್ತೆ, ಮೋಡದ ಅಂಚು ನೋಡುವಾಗ ಒಂಥರ, ಅಲೆ ನೋಡುವಾಗ ಇನ್ನೊಂಥರ, ಮೆದುಳು ಅವೆಲ್ಲಾ ಸೇರಿಸಿ ಒಂದು ಚಿತ್ರ ಕಟ್ಟತ್ತೆ. ಕ್ಯಾಮೆರಾ ಒಂದೇ ಕ್ಷಣಕ್ಕೆ ಒಂದೇ ಅಳತೆಯಲ್ಲಿ ಇಡೀ ದೃಶ್ಯ ಹಿಡಿಯತ್ತೆ.

ಹಿಸ್ಟೋಗ್ರಾಮ್: ಫೋಟೋದ ಜಾತಕ

ಎಡಿಟಿಂಗ್ ಆ್ಯಪ್‌ನ ಮೂಲೆಯಲ್ಲಿ ಒಂದು ಗುಡ್ಡದ ಥರದ ಗ್ರಾಫ್ ಇರತ್ತಲ್ಲ, ಅದೇ ಹಿಸ್ಟೋಗ್ರಾಮ್. ಎಡತುದಿ 0 ಅಂದ್ರೆ ಪೂರ್ತಿ ಕಪ್ಪು, ಬಲತುದಿ 255 ಅಂದ್ರೆ ಪೂರ್ತಿ ಬಿಳಿ, ಗುಡ್ಡ ಎಲ್ಲಿ ಎತ್ತರ ಇದ್ಯೋ ಆ ಮಟ್ಟದ ಬೆಳಕಿನ ಚುಕ್ಕೆಗಳು ಫೋಟೋದಲ್ಲಿ ಜಾಸ್ತಿ ಇವೆ ಅಂತ ಅರ್ಥ.

ಮಳೆಗಾಲದ ಫೋಟೋದಲ್ಲಿ ಗುಡ್ಡ ಮಧ್ಯದಲ್ಲೇ ಗುಂಪಾಗಿ ಕೂತಿರತ್ತೆ, ಎರಡೂ ತುದಿ ಖಾಲಿ. ಇದು ಒಳ್ಳೇ ಸುದ್ದಿ! ಏನೂ ಕಳೆದಿಲ್ಲ, ಇಕ್ಕಟ್ಟಾಗಿದೆ ಅಷ್ಟೇ. ಕೆಟ್ಟ ಸುದ್ದಿ ಯಾವುದು ಅಂದ್ರೆ ಗುಡ್ಡ ಬಲಗೋಡೆಗೆ ಡಿಕ್ಕಿ ಹೊಡೆದು ಅಲ್ಲೇ ಕಡಿದು ಹೋಗಿರೋದು. ಆಗ ಆಕಾಶದ ಆ ಭಾಗದಲ್ಲಿ ಮೋಡದ ಗೆರೆ ದಾಖಲೇ ಆಗಿಲ್ಲ, ಅದನ್ನ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ, ತಂದ್ರೆ ಅದು ಊಹೆ ಮಾಡಿ ಬರೆದದ್ದು. ಅದಕ್ಕೇ ಮೋಡದ ದಿನ ಫೋಟೋ ತೆಗೆಯುವಾಗ ಮೊಬೈಲ್ ಪರದೆಯಲ್ಲಿ ಆಕಾಶದ ಮೇಲೆ ಬೆರಳು ಮುಟ್ಟಿ, ಬೆಳಕಿನ ಸ್ಲೈಡರ್ ಸ್ವಲ್ಪ ಕೆಳಗೆ ಎಳೆದು ತೆಗೀರಿ. ಕತ್ತಲಾದ ಮರಳನ್ನ ಆಮೇಲೆ ಒಂದು ಮಟ್ಟಕ್ಕೆ ಎತ್ಕೋಬಹುದು.

ರಾ ಫೈಲ್ ಯಾಕೆ ಬೇಕು

ಮಾಮೂಲಿ ಜೆಪೆಗ್ ಫೋಟೋದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ಮಂಕು ಫೋಟೋ 100ರಿಂದ 200ರ ನಡುವೆ ಕೂತಿದೆ ಅಂದ್ಕೊಳ್ಳಿ, ಅಂದ್ರೆ ಬಳಕೆಯಾಗಿರೋದು ನೂರೇ ಮೆಟ್ಟಿಲು. ಅದನ್ನ 0ಯಿಂದ 255ರವರೆಗೆ ಹಿಗ್ಗಿಸಿದಾಗ ನಡುನಡುವೆ ಮೆಟ್ಟಿಲು ತಪ್ಪತ್ತೆ, ಮೆತ್ತಗೆ ಬದಲಾಗಬೇಕಿದ್ದ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣ್ಸತ್ತೆ.

ರಾ ಅಂದ್ರೆ ಸೆನ್ಸರ್ ಹಿಡಿದ ಬೆಳಕಿನ ಲೆಕ್ಕ, ಕ್ಯಾಮೆರಾ ಅಡುಗೆ ಮಾಡಿ ಬಡಿಸೋಕೆ ಮುಂಚಿನದ್ದು. 12 ಬಿಟ್ ರಾದಲ್ಲಿ 4,096 ಮೆಟ್ಟಿಲು, 14 ಬಿಟ್‌ನಲ್ಲಿ 16,384. ಎಳೆದ್ರೂ ಹರಿಯಲ್ಲ. ಆಂಡ್ರಾಯ್ಡ್‌ಗೆ 2014ರ 5.0 ಆವೃತ್ತಿಯಿಂದಲೇ ರಾ ಸೌಲಭ್ಯ ಬಂತು, ಹಲವು ಫೋನುಗಳ ಪ್ರೋ ಮೋಡ್‌ನಲ್ಲಿ ಡಿಎನ್‌ಜಿ ಹೆಸರಲ್ಲಿ ಸಿಗತ್ತೆ. ಫೋನಿನ ಕ್ಯಾಮೆರಾದಲ್ಲಿ ಇಲ್ಲಾಂದ್ರೆ ಲೈಟ್‌ರೂಮ್ ಆ್ಯಪ್ ಒಳಗಿನ ಕ್ಯಾಮೆರಾ ನೋಡಿ. ಆದ್ರೆ ಈಗಾಗ್ಲೇ ತೆಗೆದಿರೋದು ಜೆಪೆಗ್ ಆಗಿದ್ರೆ ಕೈಚೆಲ್ಲಬೇಕಿಲ್ಲ, ಸ್ಲೈಡರನ್ನ ಎಲ್ಲಿವರೆಗೂ ಎಳೀಬಹುದು ಅನ್ನೋ ಮಿತಿ ಸ್ವಲ್ಪ ಹತ್ತಿರ ಬರತ್ತೆ, ಅಷ್ಟೇ.

ಒಂದು ಫೋಟೋ ತಗೊಂಡು ಮಾಡಿ ನೋಡೋಣ

ಜುಲೈ ತಿಂಗಳು, ಕಾಪು ಬೀಚ್, ಮರಳಲ್ಲಿ ನಿಂತು ಲೈಟ್‌ಹೌಸ್ ಕಡೆ ತಿರುಗಿ ತೆಗೆದ ಫೋಟೋ ಅಂತಿಟ್ಕೊಳ್ಳಿ. ಮುಂದೆ ಒದ್ದೆ ಬಂಡೆ, ಆಚೆ ಕಪ್ಪು-ಬಿಳಿ ಪಟ್ಟೆಯ ಲೈಟ್‌ಹೌಸ್, ಅದಕ್ಕೂ ಹಿಂದೆ ತೆಂಗಿನ ಸಾಲು, ಮೇಲೆ ಮೋಡ. ಕರ್ಸರ್ ಇಟ್ಟು ಬೆಳಕಿನ ಅಂಕಿ ಓದಿದ್ರೆ ಹತ್ತಿರದ ಬಂಡೆಯ ಸಂದು 25, ಲೈಟ್‌ಹೌಸಿನ ಕಪ್ಪು ಪಟ್ಟೆ 110, ತೆಂಗಿನ ಸಾಲು 165, ದಿಗಂತದ ಹತ್ತಿರದ ಆಕಾಶ 190, ಹೀಗೇನೋ ಬರತ್ತೆ. ಮೂರೂ ಕಡುಬಣ್ಣದ ವಸ್ತುಗಳೇ, ಆದ್ರೆ ದೂರ ಹೋದ ಹಾಗೆ ಅಂಕಿ 190ರ ಕಡೆಗೇ ಏರ್ತಾ ಇದೆ. ಕಾಫಿಗೆ ಎಲ್ಲಿ ಎಷ್ಟು ಹಾಲು ಬಿದ್ದಿದೆ ಅನ್ನೋದು ಇಲ್ಲಿ ಅಂಕಿಯಲ್ಲೇ ಸಿಗ್ತು.

ಮೊದಲ ಕೆಲಸ ದಿಗಂತ ನೇರ ಮಾಡೋದು. ಸಮುದ್ರದ ಗೆರೆ ಒಂದು ಡಿಗ್ರಿ ವಾಲಿದ್ರೂ ನೋಡೋರಿಗೆ ಏನೋ ಸರಿ ಇಲ್ಲ ಅನ್ಸತ್ತೆ. ಇದನ್ನ ಕೊನೆಗೆ ಬಿಟ್ರೆ ತಿರುಗಿಸಿದಾಗ ಅಂಚು ಕತ್ತರಿಸಿ ಹೋಗತ್ತೆ, ಅಷ್ಟೊತ್ತಿಗೆ ಆ ಅಂಚಿಗೆ ಮಾಡಿದ ಕೆಲಸವೂ ದಂಡ.

ಆಮೇಲೆ ವೈಟ್ ಬ್ಯಾಲೆನ್ಸ್, ಅಂದ್ರೆ ಬೆಳಕಿನ ಬಣ್ಣ ಸರಿ ಮಾಡೋದು. ಬೆಳಕಿನ ಬಣ್ಣವನ್ನ ಕೆಲ್ವಿನ್ ಅನ್ನೋ ಅಳತೆಯಲ್ಲಿ ಹೇಳ್ತಾರೆ, ನಡುಮಧ್ಯಾಹ್ನದ ಬಿಸಿಲು ಸುಮಾರು 5,500, ಮೋಡದ ಬೆಳಕು ಸುಮಾರು 6,500, ಅಂಕಿ ಏರಿದಷ್ಟೂ ಬೆಳಕಲ್ಲಿ ನೀಲಿ ಜಾಸ್ತಿ. ಫೋಟೋ ತಣ್ಣಗೆ ನೀಲಿ ಹೊಡೀತಿದ್ರೆ ಸ್ಲೈಡರನ್ನ ಹಳದಿ ಕಡೆ ಸ್ವಲ್ಪ ತಳ್ಳಿ. ಡ್ರಾಪರ್ ಅಂತ ಒಂದು ಗುರುತಿರತ್ತೆ, ಅದನ್ನ ಬಿಳಿ ಅಥವಾ ಬೂದು ವಸ್ತುವಿನ ಮೇಲೆ ಒತ್ತಿದ್ರೆ ತಾನೇ ಸರಿ ಮಾಡತ್ತೆ. ಇಲ್ಲಿ ಎಲ್ಲರೂ ಅಲೆಯ ನೊರೆ ಮೇಲೆ ಒತ್ತೋಕೆ ಹೋಗ್ತಾರೆ. ಮಳೆಗಾಲದಲ್ಲಿ ನದಿಗಳು ಕೆಸರು ತಂದು ಸುರಿಯೋದ್ರಿಂದ ದಡದ ನೀರು ಕೆಂಗಂದು, ನೊರೆಗೂ ಆ ಛಾಯೆ ಇರತ್ತೆ, ಅದನ್ನೇ ಬಿಳಿ ಅಂತ ನಂಬಿದ ಆ್ಯಪ್ ಇಡೀ ಫೋಟೋಗೆ ಇನ್ನಷ್ಟು ನೀಲಿ ಬಳಿಯತ್ತೆ. ಲೈಟ್‌ಹೌಸಿನ ಬಿಳಿ ಪಟ್ಟೆ ಇದ್ದಾಗ ಅದೇ ವಾಸಿ.

ಮೂರನೇದು ಕಪ್ಪು-ಬಿಳಿ ತುದಿಗಳನ್ನ ಕೂರಿಸೋದು. ಬ್ಲ್ಯಾಕ್ಸ್ ಸ್ಲೈಡರನ್ನ ಎಡಕ್ಕೆ ಎಳೀರಿ, ಬಂಡೆಯ ಸಂದಿನ 25 ಹೆಚ್ಚುಕಮ್ಮಿ 5ಕ್ಕೆ ಇಳಿಯೋವರೆಗೆ. ವೈಟ್ಸ್ ಸ್ಲೈಡರನ್ನ ಬಲಕ್ಕೆ, ಅತಿ ಹೊಳೆಯೋ ನೊರೆ 240ರ ಸುತ್ತ ಬರೋವರೆಗೆ. 255ಕ್ಕೆ ಮುಟ್ಟಿಸಬೇಡಿ, ನೊರೆಯ ಗುಳ್ಳೆಗಳ ವಿವರವೇ ಹೋಗಿಬಿಡತ್ತೆ. ಈ ಎರಡೇ ಹೆಜ್ಜೆಗೆ ಫೋಟೋಗೆ ಅರ್ಧ ಜೀವ ಬಂದಿರತ್ತೆ.

ಆಮೇಲೆ ಕರ್ವ್. ಓರೆಯಾಗಿರೋ ಒಂದು ಗೆರೆ ಕಾಣತ್ತೆ, ಅದರ ಕೆಳಭಾಗವನ್ನ ಚೂರು ಕೆಳಗೆ, ಮೇಲ್ಭಾಗವನ್ನ ಚೂರು ಮೇಲೆ ಎಳೆದು ಸೊಟ್ಟ ಮಾಡಿದ್ರೆ ಕಡುಭಾಗ ಇನ್ನೂ ಕಡು, ಬೆಳಕಿನ ಭಾಗ ಇನ್ನೂ ಬೆಳಕು. ಗೆರೆ ಎಲ್ಲಿ ಕಡಿದಾಗಿದ್ಯೋ ಆ ಮಟ್ಟದ ಬೆಳಕುಗಳ ನಡುವೆ ವ್ಯತ್ಯಾಸ ಹೆಚ್ಚತ್ತೆ, ಎಲ್ಲಿ ಮಲಗಿದ್ಯೋ ಅಲ್ಲಿ ಕಮ್ಮಿಯಾಗತ್ತೆ. ಕಾಂಟ್ರಾಸ್ಟ್ ಅನ್ನೋ ಸ್ಲೈಡರ್ ಮಾಡೋದೂ ಹೆಚ್ಚುಕಮ್ಮಿ ಇದನ್ನೇ, ಆದ್ರೆ ಎಲ್ಲಿ ಕಡಿದಾಗ್ಬೇಕು ಅಂತ ಅಲ್ಲಿ ನಮ್ಮ ಕೈಯಲ್ಲಿರಲ್ಲ, ಕರ್ವ್‌ನಲ್ಲಿ ಇರತ್ತೆ.

ಡಿಹೇಜ್, ಅಂದ್ರೆ ಮಂಜು ತೆಗೆಯೋ ಬಟನ್ ಒಳಗೆ ಏನಿದೆ

ಇಷ್ಟಾದ್ರೂ ತೆಂಗಿನ ಸಾಲು ಮಂಕೇ. ಯಾಕಂದ್ರೆ ಇಲ್ಲಿವರೆಗಿನ ಬದಲಾವಣೆ ಇಡೀ ಫೋಟೋಗೆ ಒಂದೇ ಥರ, ಮಂಜು ಮಾತ್ರ ದೂರಕ್ಕೆ ತಕ್ಕ ಹಾಗೆ. ತೆಂಗು ಸರಿಯಾಗೋವರೆಗೆ ಎಳೆದ್ರೆ ಹತ್ತಿರದ ಬಂಡೆ ಇದ್ದಿಲು.

ಆದ್ರೆ ಯಾವ ಚುಕ್ಕೆ ಎಷ್ಟು ದೂರದ್ದು ಅಂತ ಫೋಟೋ ಒಂದ್ರಿಂದಲೇ ಹೇಗೆ ಗೊತ್ತಾಗ್ಬೇಕು? ಇದಕ್ಕೆ 2009ರಲ್ಲಿ ಕೈಮಿಂಗ್ ಹೆ, ಜಿಯಾನ್ ಸುನ್, ಶಿಯಾವು ಟಾಂಗ್ ಅನ್ನೋ ಮೂವರು ಸಂಶೋಧಕರು ತುಂಬಾ ಸರಳವಾದ ದಾರಿ ತೋರಿಸಿದ್ರು. ಮಂಜಿಲ್ಲದ ಹೊರಾಂಗಣ ಫೋಟೋದಲ್ಲಿ ಆಕಾಶ ಬಿಟ್ಟು ಯಾವುದೇ ಸಣ್ಣ ತುಂಡು ತಗೊಂಡ್ರೂ ಅದರೊಳಗೆ ಕೆಂಪು, ಹಸಿರು, ನೀಲಿ ಮೂರರಲ್ಲಿ ಒಂದಾದ್ರೂ ಬಣ್ಣ ಎಲ್ಲೋ ಒಂದು ಕಡೆ ಸೊನ್ನೆ ಹತ್ರ ಇರತ್ತೆ, ನೆರಳೋ, ಎಲೆಯ ಹಸಿರೋ, ಕರೀ ಕಲ್ಲೋ ಏನಾದ್ರೂ ಇದ್ದೇ ಇರತ್ತೆ. ಮಂಜಿರೋ ಫೋಟೋದ ಅದೇ ತುಂಡಿನಲ್ಲಿ ಅತಿ ಕಮ್ಮಿ ಅಂಕಿಯೇ 110 ಇದ್ರೆ ಆ 110 ಬಹುಪಾಲು ಮಂಜಿನದ್ದೇ. ಅಲ್ಲಿಗೆ ಎಷ್ಟು ಹಾಲು ಬಿದ್ದಿದೆ ಅಂತ ಲೆಕ್ಕ ಸಿಕ್ತು, ಅಷ್ಟನ್ನ ಕಳೆದು ಉಳಿದದ್ದನ್ನ ಹಿಗ್ಗಿಸಿದ್ರಾಯ್ತು. ಇದಕ್ಕೆ ಡಾರ್ಕ್ ಚಾನೆಲ್ ವಿಧಾನ ಅಂತ ಹೆಸರು. ಉಚಿತವಾಗಿ ಸಿಗೋ ಡಾರ್ಕ್‌ಟೇಬಲ್ ಸಾಫ್ಟ್‌ವೇರಿನ ಮಂಜು ತೆಗೆಯೋ ಉಪಕರಣ ಇದೇ ವಿಧಾನದ್ದು. ಲೈಟ್‌ರೂಮ್‌ಗೆ ಡಿಹೇಜ್ ಸ್ಲೈಡರ್ ಬಂದಿದ್ದು 2015ರಲ್ಲಿ.

ಈ ವಿಧಾನದ ಬಲ ಎಲ್ಲಿದ್ಯೋ ದೌರ್ಬಲ್ಯವೂ ಅಲ್ಲೇ. ಬೆಳ್ಳಗಿನ ನೊರೆ, ಬಿಳಿ ಗೋಡೆ, ಮೋಡ, ಇವು ಸಹಜವಾಗೇ ಬೆಳ್ಳಗಿರೋವು, ಲೆಕ್ಕಕ್ಕೆ ಅದು ಮಂಜು ಅಂತ ತಪ್ಪು ತಿಳುವಳಿಕೆ ಆಗಿ ಅಲ್ಲೆಲ್ಲಾ ಕೊಳಕು ಬೂದು ಛಾಯೆ ಬರತ್ತೆ. ತೆಂಗಿನ ಸಾಲಿಗೂ ಆಕಾಶಕ್ಕೂ ಇದ್ದ ವ್ಯತ್ಯಾಸ ಬರೀ 25 ಅಂಕಿ, ಅದನ್ನ 100ಕ್ಕೆ ಏರಿಸಿದ್ರೆ ಒಳಗಿರೋ ನಾಯ್ಸ್, ಅಂದ್ರೆ ರವೆ ರವೆಯಾಗಿ ಕಾಣೋ ಚುಕ್ಕೆಗಳು ಕೂಡ ನಾಲ್ಕು ಪಟ್ಟು ಏಳತ್ತೆ. ಬಣ್ಣವೂ ಜೊತೆಗೇ ಉಕ್ಕತ್ತೆ. ಹಾಗಾಗಿ ಡಿಹೇಜ್ ಸ್ಲೈಡರನ್ನ 100ರಲ್ಲಿ 10ರಿಂದ 25ರವರೆಗೆ ಎಳೆದ್ರೆ ಸಾಕು, ಅದೂ ಮಾಸ್ಕ್ ಹಾಕಿ (ಅದೇನು ಅಂತ ಮುಂದೆ ಹೇಳ್ತೀನಿ) ದೂರದ ಭಾಗಕ್ಕೆ ಮಾತ್ರ. ಬಣ್ಣ ಉಕ್ಕಿದ್ದು ಅನ್ಸಿದ್ರೆ ಸ್ಯಾಚುರೇಶನ್, ಅಂದ್ರೆ ಬಣ್ಣದ ಗಾಢತೆ, ಸ್ವಲ್ಪ ಇಳಿಸಿ.

ನನಗನ್ಸೋದು, ಮಂಜನ್ನ ಪೂರ್ತಿ ತೆಗೆಯೋದು ಬೇಡವೇ ಬೇಡ. ದೂರ ಹೋದಷ್ಟೂ ಮಾಸೋ ಬಣ್ಣವೇ ಚಪ್ಪಟೆ ಫೋಟೋದಲ್ಲಿ ಆಳ ಅನ್ನೋದನ್ನ ತೋರ್ಸೋದು, ಅದನ್ನ ಒರೆಸಿ ಹಾಕಿದ್ರೆ ಲೈಟ್‌ಹೌಸ್ ತೆಂಗಿನ ಸಾಲಿಗೇ ಅಂಟ್ಕೊಂಡಂಗೆ ಕಾಣತ್ತೆ. ಕಪ್ಪು ಪಟ್ಟೆ 110ರಿಂದ 60ಕ್ಕೆ ಬಂದ್ರೆ ಸಾಕು, ಬಂಡೆಯಷ್ಟೇ ಕಪ್ಪಾಗೋದು ಬೇಡ.

ಆಕಾಶ ಬೇರೆ, ನೆಲ ಬೇರೆ

ಮಾಸ್ಕ್ ಅಂದ್ರೆ ಫೋಟೋದ ಯಾವ ಭಾಗಕ್ಕೆ ಬದಲಾವಣೆ ಆಗ್ಬೇಕು ಅಂತ ಗೆರೆ ಹಾಕಿ ಹೇಳೋದು. ಸಮುದ್ರದ ಫೋಟೋಗೆ ಇದು ತೀರಾ ಬೇಕು. ಮೋಡ ಕವಿದಿದ್ರೂ ಆಕಾಶ ಮರಳಿಗಿಂತ ಎಷ್ಟೋ ಪಟ್ಟು ಬೆಳಕು, ಒಂದಕ್ಕೆ ಸರಿ ಮಾಡಿದ್ರೆ ಇನ್ನೊಂದು ಕೆಡತ್ತೆ.

ಇದು ಹೊಸ ಕಾಟ ಅಲ್ಲ. 1850ರ ದಶಕದ ಫೋಟೋ ರಾಸಾಯನಿಕಗಳು ನೀಲಿ ಬೆಳಕಿಗೆ ಮಾತ್ರ ಚುರುಕಾಗಿದ್ವು, ಸಮುದ್ರ ಸರಿಯಾಗಿ ಬರೋಷ್ಟು ಹೊತ್ತು ಬಿಟ್ರೆ ಆಕಾಶ ಬರೀ ಬಿಳಿ ಹಾಳೆ. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1856-57ರ ಸುಮಾರಿಗೆ ತನ್ನ ಕೆಲವು ಕಡಲ ಚಿತ್ರಗಳಲ್ಲಿ ಆಕಾಶಕ್ಕೊಂದು, ಸಮುದ್ರಕ್ಕೊಂದು ಅಂತ ಎರಡು ನೆಗೆಟಿವ್ ಬಳಸಿ, ದಿಗಂತದ ಗೆರೆಯಲ್ಲಿ ಜೋಡಿಸಿ ಒಂದೇ ಪ್ರಿಂಟ್ ಮಾಡ್ತಿದ್ದ. ಇವತ್ತು ನಾವು ಬೆರಳಲ್ಲಿ ಎಳೆಯೋ ಮಾಸ್ಕ್‌ಗೆ ಬೇರು ಅಲ್ಲಿವರೆಗೂ ಹೋಗತ್ತೆ.

ನಮ್ಮ ಕಾಪು ಫೋಟೋದಲ್ಲಿ ಆಕಾಶಕ್ಕೆ ಮೇಲಿಂದ ಕೆಳಕ್ಕೆ ಮೆತ್ತಗೆ ಕರಗೋ ಲೀನಿಯರ್ ಗ್ರೇಡಿಯೆಂಟ್ ಹಾಕಿ, ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಇಳಿಸಿ. ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ ಇಳಿಯೋದು ಅಥವಾ ಎರಡರಷ್ಟಾಗೋದು. ಹೈಲೈಟ್ಸ್, ಅಂದ್ರೆ ಹೆಚ್ಚು ಬೆಳಕಿರೋ ಭಾಗ, ಕಮ್ಮಿ ಮಾಡಿ, ಅಂಚುಗಳನ್ನ ಎದ್ದು ಕಾಣಿಸೋ ಕ್ಲಾರಿಟಿ ಸ್ವಲ್ಪ ಏರಿಸಿದ್ರೆ ಅಲ್ಲಿವರೆಗೂ ಬರೀ ಬೂದು ಅನ್ಸಿದ್ದ ಜಾಗದಲ್ಲಿ ಮೋಡದ ಹೊಟ್ಟೆ, ಮಡಿಕೆ, ದೂರದಲ್ಲಿ ಸುರೀತಿರೋ ಮಳೆಯ ಗೆರೆ ಎದ್ದು ಬರತ್ತೆ. ಮಳೆಗಾಲದ ಫೋಟೋ ಎಡಿಟ್ ಮಾಡೋದ್ರಲ್ಲಿ ಅತಿ ಖುಷಿ ಕೊಡೋ ಗಳಿಗೆ ಇದೇ. ಗ್ರೇಡಿಯೆಂಟ್ ಲೈಟ್‌ಹೌಸಿನ ತಲೆ ಮೇಲೂ ಹಾದು ಹೋಗತ್ತೆ, ಅದು ಕಪ್ಪಾಗದಂಗೆ ಮಾಸ್ಕ್‌ನಿಂದ ಲೈಟ್‌ಹೌಸನ್ನ ಬ್ರಶ್‌ನಲ್ಲಿ ಅಳಿಸಿ. ಒರಟಾಗಿ ಅಳಿಸಿದ್ರೆ ಗೋಪುರದ ಸುತ್ತ ಬೆಳ್ಳಗೆ ಅಂಚು ಉಳಿಯತ್ತೆ, ಅದೊಂದು ಕಂಡ್ರೆ ಸಾಕು, ಎಡಿಟ್ ಅಂತ ಎಲ್ಲರಿಗೂ ಗೊತ್ತಾಗತ್ತೆ.

ಕೆಳಗಿನ ಬಂಡೆ, ಮರಳಿಗೆ ಶ್ಯಾಡೋಸ್, ಅಂದ್ರೆ ಕತ್ತಲೆ ಭಾಗದ ಬೆಳಕು, ಸ್ವಲ್ಪ ಏರಿಸಿ. ಒದ್ದೆ ಬಂಡೆ ಮೇಲಿನ ಹೊಳಪಿಗೆ ಸಣ್ಣ ವಿವರ ಎತ್ತಿ ತೋರ್ಸೋ ಟೆಕ್ಸ್ಚರ್ ಚೂರು ಕೊಟ್ರೆ ಒದ್ದೆತನ ಕೈಗೆ ಸಿಗೋ ಹಾಗೆ ಕಾಣತ್ತೆ.

ಲೆನ್ಸ್ ಮೇಲೆ ಬಿದ್ದ ಹನಿ

ಹನಿ ಬಿದ್ದ ಜಾಗದಲ್ಲಿ ದುಂಡಗೆ ಮಸುಕು ಬಂದಿರತ್ತೆ. ಆಕಾಶದಲ್ಲಿದ್ರೆ ಸುಲಭ, ಹೀಲಿಂಗ್ ಉಪಕರಣದಿಂದ ಮುಟ್ಟಿದ್ರೆ ಪಕ್ಕದ ಜಾಗದಿಂದ ತಗೊಂಡು ತೇಪೆ ಹಾಕತ್ತೆ, ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲೂ ಇದೆ. ಹನಿ ಲೈಟ್‌ಹೌಸಿನ ಪಟ್ಟೆ ಮೇಲೋ, ಯಾರದ್ದಾದ್ರೂ ಮುಖದ ಮೇಲೋ ಬಿದ್ದಿದ್ರೆ ತೇಪೆ ಸರಿಯಾಗಿ ಕೂರಲ್ಲ, ಆ ಜಾಗಕ್ಕೆ ಸಣ್ಣ ಮಾಸ್ಕ್ ಹಾಕಿ ಕಾಂಟ್ರಾಸ್ಟ್, ಡಿಹೇಜ್ ಏರಿಸಿದ್ರೆ ಕೊಂಚ ವಾಸಿ. ಇದಕ್ಕಿಂತ ಒಳ್ಳೇದು ಅಂದ್ರೆ ಅಲ್ಲೇ ಒರೆಸ್ಕೊಳ್ಳೋದು. ಕಡಲ ತುಂತುರಲ್ಲಿ ಉಪ್ಪಿರತ್ತೆ, ಅಂಗಿ ಚುಂಗಿಂದ ತಿಕ್ಕಿದ್ರೆ ಅದು ಹರಡಿ ಇಡೀ ಲೆನ್ಸಿಗೆ ಪೊರೆ ಕಟ್ಟತ್ತೆ, ಎಲ್ಲಾ ಫೋಟೋನೂ ಇನ್ನಷ್ಟು ಮಂಕಾಗತ್ತೆ. ಕನ್ನಡಕ ಒರೆಸೋ ಬಟ್ಟೆ ಎರಡು ಇಟ್ಕೊಳ್ಳಿ, ಒಂದು ಒದ್ದೆ, ಒಂದು ಒಣಗಿದ್ದು.

ಬಣ್ಣ ಎಷ್ಟು? ಆಕಾಶ ಬದಲಾಯಿಸ್ಬಹುದಾ?

ಸ್ಯಾಚುರೇಶನ್ ಎಲ್ಲಾ ಬಣ್ಣವನ್ನೂ ಒಂದೇ ಸಮ ಏರಿಸತ್ತೆ, ವೈಬ್ರೆನ್ಸ್ ಮಂಕಾಗಿರೋ ಬಣ್ಣಗಳನ್ನ ಜಾಸ್ತಿ, ಈಗಾಗ್ಲೇ ಗಾಢ ಇರೋದನ್ನ ಕಮ್ಮಿ ಏರಿಸತ್ತೆ. ಮಳೆಗಾಲಕ್ಕೆ ವೈಬ್ರೆನ್ಸ್ ಸರಿ. ಆ ಸಮಯದಲ್ಲಿ ಕರಾವಳಿಯ ನಿಜವಾದ ಬಣ್ಣ ಅಂದ್ರೆ ತೊಳೆದ ಹಸಿರು, ಒದ್ದೆ ಕಲ್ಲಿನ ಕಪ್ಪು, ಕೆಂಗಂದು ನೀರು. ಆ ನೀರನ್ನ ನೀಲಿ ಮಾಡಿದ್ರೆ ಅದು ಜುಲೈ ಕಾಪು ಅಲ್ಲ, ಜನವರಿಯ ಯಾವುದೋ ಊರು.

2020ರ ಅಕ್ಟೋಬರ್‌ನಿಂದ ಫೋಟೋಶಾಪ್‌ನಲ್ಲಿ ಒಂದೇ ಕ್ಲಿಕ್‌ಗೆ ಆಕಾಶ ಬದಲಾಯಿಸೋ ಸೌಲಭ್ಯ ಇದೆ, ಈಗ ಫೋನಿನ ಆ್ಯಪ್‌ಗಳಲ್ಲೂ ಸಿಗತ್ತೆ. ಆದ್ರೆ ಸಂಜೆಗೆಂಪು ಆಕಾಶ ಕೂರಿಸಿದ್ರೆ ಒದ್ದೆ ಮರಳಲ್ಲಿ ಅದರ ಪ್ರತಿಬಿಂಬ ಬೀಳ್ಬೇಕು, ಲೈಟ್‌ಹೌಸಿನ ಒಂದು ಮೈಗೆ ಬೆಳಕು, ಇನ್ನೊಂದಕ್ಕೆ ನೆರಳು ಇರ್ಬೇಕು, ಮೋಡದ ಬೆಳಕಲ್ಲಿ ತೆಗೆದ ಫೋಟೋದಲ್ಲಿ ಇದ್ಯಾವುದೂ ಇಲ್ಲ. ದೂರದಲ್ಲಿ ಒಂದು ಟ್ರಾಲ್ ಬೋಟ್ ಸೇರಿಸಿದ್ರೆ ಊರಿನೋರು ತಕ್ಷಣ ಹಿಡೀತಾರೆ, ಯಾಕಂದ್ರೆ ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕಡಲಲ್ಲಿ ಯಾಂತ್ರೀಕೃತ ಬೋಟ್‌ಗಳ ಮೀನುಗಾರಿಕೆಗೆ ನಿಷೇಧ, ಆಗ ನೀರಿಗಿಳಿಯೋದು ನಾಡದೋಣಿಗಳು. ಗೋಡೆಗೆ ಹಾಕೋ ಕಲಾಚಿತ್ರಕ್ಕೆ ಏನು ಬೇಕಾದ್ರೂ ಮಾಡ್ಬಹುದು, ಆದ್ರೆ ಸುದ್ದಿಗೆ ಕೊಡುವಾಗ, ಹವಾಮಾನ ಹೇಗಿದೆ ಅಂತ ತೋರ್ಸುವಾಗ, ಸ್ಪರ್ಧೆಗೆ ಕಳಿಸುವಾಗ ಆಕಾಶ ಬದಲಾಯಿಸಿದ್ರೆ ಅದನ್ನ ಹೇಳ್ಬೇಕು. ಆ ಫೋಟೋ ನೋಡಿ ಸಮುದ್ರ ಶಾಂತವಾಗಿದೆ ಅಂತ ಯಾರೋ ಮಕ್ಕಳನ್ನ ಕರ್ಕೊಂಡು ನೀರಿಗಿಳೀಬಹುದು.

ಇನ್ನೊಂದು ದಾರಿ ಕಪ್ಪು-ಬಿಳುಪು. ಬಣ್ಣವೇ ಇಲ್ಲದ ದಿನ ಬಣ್ಣಕ್ಕಾಗಿ ಗುದ್ದಾಡೋ ಬದಲು ಅದನ್ನ ಪೂರ್ತಿ ಬಿಟ್ಟು ಮೋಡ, ನೊರೆ, ಬಂಡೆಗಳ ಬೆಳಕು-ಕತ್ತಲೆ ಮೇಲೇ ಕೆಲಸ ಮಾಡಿದ್ರೆ ಕರ್ವ್ ಇನ್ನೂ ಧೈರ್ಯವಾಗಿ ಎಳೀಬಹುದು, ಬಣ್ಣ ಕೆಡೋ ಭಯ ಇರಲ್ಲ. ಕಾಪುವಿನ ಪಟ್ಟೆ ಲೈಟ್‌ಹೌಸಿಗೆ ಇದು ಬಹಳ ಒಪ್ಪತ್ತೆ.

ಸೇವ್ ಮಾಡೋ ಮುಂಚೆ

ಮೂಲ ಫೈಲ್ ಮೇಲೆ ಸೇವ್ ಮಾಡ್ಬೇಡಿ, ಬೇರೆ ಹೆಸರಲ್ಲಿ ಇಡಿ. ಜೆಪೆಗ್ಅನ್ನ ಮತ್ತೆ ಮತ್ತೆ ತೆರೆದು ಸೇವ್ ಮಾಡಿದಷ್ಟೂ ವಿವರ ಸವೀತಾ ಹೋಗತ್ತೆ. ಶಾರ್ಪನಿಂಗ್, ಅಂದ್ರೆ ಅಂಚುಗಳನ್ನ ಚೂಪು ಮಾಡೋದು, ಕಟ್ಟಕಡೆಗೆ, ಆಕಾಶ ಬಿಟ್ಟು, ಅದೂ ಫೋಟೋವನ್ನ 100 ಪರ್ಸೆಂಟ್ ಹಿಗ್ಗಿಸಿ ನೋಡ್ತಾ. ಫೋನಿನ ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸ್ಕೊಂಡು ಎಡಿಟ್ ಮಾಡಿದ್ರೆ ಬೇರೆಯವ್ರ ಫೋನಲ್ಲಿ ಫೋಟೋ ಕತ್ತಲಾಗಿ ಕಾಣತ್ತೆ, ಹಾಗಾಗಿ ಮಧ್ಯಮಕ್ಕೆ ಇಟ್ಕೊಳ್ಳಿ. ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಕುಗ್ಗಿಸಿಬಿಡತ್ತೆ, ಮೆತ್ತಗಿನ ಮೋಡದಲ್ಲಿ ಮೊದಲು ಪಟ್ಟೆ ಏಳೋದು ಅಲ್ಲೇ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದ್ರೆ ಫೈಲ್ ಇದ್ದ ಹಾಗೇ ಹೋಗತ್ತೆ.